ಮನೆ ಟ್ಯಾಂಕಲ್ಲಿ ಪೆಪ್ಪರ್‌ಮಿಂಟ್ ಸೀಗಡಿ ಮರಿ ಬೆಳೆಸೋದು ಹೇಗೆ: ಮುಂಬೈ-ಪುಣೆ ಫ್ಲಾಟಿನವರಿಗೆ

"ನಮ್ ಸೀಗಡಿ ಹೊಟ್ಟೆ ಕೆಳಗೆ ಹಸಿರು ಮೊಟ್ಟೆ ಹೊತ್ಕೊಂಡು ಓಡಾಡ್ತಿದೆ, ಈಗೇನ್ ಮಾಡ್ಲಿ ಅಣ್ಣಾ?" ಈ ಪ್ರಶ್ನೆ ಡೊಂಬಿವಲಿಯಿಂದ ಬರತ್ತೆ, ಮೀರಾ ರೋಡಿಂದ ಬರತ್ತೆ, ಪುಣೆಯ ಐಟಿ ಹುಡುಗರಿಂದಂತೂ ಬರ್ತಾನೇ ಇರತ್ತೆ, ಒಬ್ಬೊಬ್ಬರಿಗೇ ಹೇಳಿ ಹೇಳಿ ಸಾಕಾಗಿ ಎಲ್ಲಾ ಒಂದೇ ಕಡೆ ಬರೀತಿದೀನಿ. ಚಿಕ್ಕ ಉತ್ತರ ಬೇಕಂದ್ರೆ: ಈ ಸಲದ ಮೊಟ್ಟೆ ಬಿಟ್ಬಿಡಿ. ಎರಡು ವಾರದಲ್ಲಿ ಮತ್ತೆ ಇಡತ್ತೆ, ಅಷ್ಟರೊಳಗೆ ತಯಾರಿ ಮಾಡ್ಕೊಳ್ಳಿ.

ಯಾಕೆ ಹೀಗಂತೀನಿ ಅಂದ್ರೆ, ಸೀಗಡಿ ಹತ್ರ ಮೊಟ್ಟೆ ಇಡಿಸೋದು ಒಂದು ಕೆಲಸವೇ ಅಲ್ಲ, ಚೆನ್ನಾಗಿ ತಿಂದುಂಡ್ಕೊಂಡಿರೋ ಎರಡು ಪೆಪ್ಪರ್‌ಮಿಂಟ್ ಒಂದೇ ಟ್ಯಾಂಕಲ್ಲಿದ್ರೆ ನಿಮ್ಮನ್ನ ಕೇಳದೇನೇ ಇಡ್ತವೆ. ಕಷ್ಟ ಇರೋದು ಮೊಟ್ಟೆ ಒಡೆದ ಮೇಲಿನ ಒಂದು ತಿಂಗಳಲ್ಲಿ. ಎರಡು-ಮೂರು ಮಿಲಿಮೀಟರ್ ಇರೋ ಮರಿಗೆ ಜೀವಂತ ಆಹಾರ ದಿನಾ ಎರಡು ಹೊತ್ತು ಕೊಡ್ಬೇಕು, ನೀರು ಕೆಡಬಾರದು, ಗಾಳಿ ನಿಲ್ಲಬಾರದು. ಅದಕ್ಕೇ ಕೆಳಗೆ ಹಂತಗಳನ್ನ ಬೇಕಂತಲೇ ಹಿಂದುಮುಂದಾಗಿ ಇಟ್ಟಿದೀನಿ, ಮೊದಲು ಮರಿಯ ನೀರು, ಮರಿಯ ಊಟ, ಮರಿಯ ಪಾತ್ರೆ, ಆಮೇಲೆ ಸೀಗಡಿ. ಒಂದು ಮಾತು, ಉಪ್ಪುನೀರಿನ ಟ್ಯಾಂಕ್ ಒಂದು ಆಗ್ಲೇ ಕೆಲವು ತಿಂಗಳಿಂದ ಸರಿಯಾಗಿ ನಡೀತಾ ಇದೆ ಅನ್ನೋವ್ರಿಗೆ ಮಾತ್ರ ಇದು. ಟ್ಯಾಂಕೇ ಇಲ್ದೋರು ಮೊದಲು ಅದನ್ನ ನಿಲ್ಲಿಸ್ಕೊಳ್ಳಿ.

1. ಜಾತಿ ತೀರ್ಮಾನ ಮಾಡಿ, ಈಗ್ಲೇ ಕೊಳ್ಬೇಡಿ

ಮೊದಲ ಸಲ ಮಾಡೋರಿಗೆ ಪೆಪ್ಪರ್‌ಮಿಂಟ್ ಒಂದೇ ಸರಿ. ಮೈ ಅರೆ ಪಾರದರ್ಶಕ, ಮೇಲೆ ಕೆಂಪು ಗೆರೆ, ಟ್ಯಾಂಕಲ್ಲಿ ಕಳೆ ಥರ ಹಬ್ಬೋ ಐಪ್ಟೇಸಿಯಾ ಅನ್ನೋ ಹೂವಿನಂಥ ಕುಟುಕೋ ಪ್ರಾಣಿಯನ್ನ ತಿನ್ನತ್ತೆ ಅಂತ ಎಲ್ಲರೂ ತರೋದು. ಇದರ ಮರಿ ಸುಮಾರು ನಾಲ್ಕೈದು ವಾರ ನೀರಲ್ಲಿ ತೇಲ್ಕೊಂಡಿದ್ದು ಆಮೇಲೆ ದೊಡ್ಡ ಸೀಗಡಿಯ ರೂಪಕ್ಕೆ ಬರತ್ತೆ. ತೇಲೋ ಈ ಮರಿಗೆ ಲಾರ್ವಾ ಅಂತಾರೆ, ಮುಂದೆ ಮರಿ ಅಂದಲ್ಲೆಲ್ಲಾ ಇದೇ.

ಬೆನ್ನ ಮೇಲೆ ಬಿಳಿ ಪಟ್ಟೆ ಇರೋ ಕ್ಲೀನರ್ ಸೀಗಡಿ, ರಕ್ತಗೆಂಪು ಬಣ್ಣದ ಫೈರ್ ಸೀಗಡಿ ಎರಡೂ ಇದರ ದಾಯಾದಿಗಳೇ, ಅವೂ ಸುಲಭವಾಗಿ ಮೊಟ್ಟೆ ಇಡ್ತವೆ, ಆದ್ರೆ ಅವುಗಳ ಮರಿ ತೇಲ್ಕೊಂಡಿರೋದು ಎರಡು-ಮೂರು ತಿಂಗಳು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಅಷ್ಟು ದಿನ ಒಂದೇ ಒಂದು ತಪ್ಪೂ ಆಗದ ಹಾಗೆ ನಡೆಸೋದು ಅನುಭವ ಇರೋರಿಗೇ ಕಷ್ಟ. ಕೋರಲ್ ಬ್ಯಾಂಡೆಡ್ ಬೇಡ, ಗಂಡು ಹೆಣ್ಣು ಬೇರೆ ಬೇರೆ, ಜೋಡಿ ಹೊಂದಿಲ್ಲಾಂದ್ರೆ ಒಂದನ್ನೊಂದು ಕೊಲ್ತವೆ. ಹಾರ್ಲೆಕ್ವಿನ್ ತಿನ್ನೋದು ನಕ್ಷತ್ರಮೀನು ಮಾತ್ರ, ತಿಂಗಳು ತಿಂಗಳೂ ಅದನ್ನ ಎಲ್ಲಿಂದ ತರ್ತೀರಿ?

ಕುರ್ಲಾ, ಕ್ರಾಫರ್ಡ್ ಮಾರ್ಕೆಟ್ ಕಡೆ ಪೆಪ್ಪರ್‌ಮಿಂಟ್ ಅಂತ ಕೇಳಿದ್ರೆ ಎಷ್ಟೋ ಸಲ ಕ್ಯಾಮೆಲ್ ಸೀಗಡಿ ಕೈಗಿಡ್ತಾರೆ. ಬೇಕಂತ ಮೋಸ ಮಾಡ್ತಾರೆ ಅಂತಲ್ಲ, ಅವರಿಗೆ ಬರೋ ಲಿಸ್ಟಲ್ಲೇ ಹಾಗಿರತ್ತೆ. ನೋಡಿದ ಕೂಡ್ಲೇ ಗೊತ್ತಾಗತ್ತೆ: ಕ್ಯಾಮೆಲ್‌ಗೆ ಬೆನ್ನು ಗೂನಾಗಿ ಎದ್ದಿರತ್ತೆ, ಕಣ್ಣು ದೊಡ್ಡದು, ಕೆಂಪು ಗೆರೆ ನಡುವೆ ಬಿಳಿ ಚುಕ್ಕೆ ಬಿಳಿ ಗೆರೆ ಕಾಣ್ತವೆ, ಮೂತಿಯ ಮುಳ್ಳು ಮೇಲಕ್ಕೆ ಚಾಚಿರತ್ತೆ. ಅದು ಹವಳವನ್ನೂ ತಿಂದ್ಹಾಕತ್ತೆ, ಕೆಳಗೆ ಬರೆದಿರೋ ದಿನದ ಲೆಕ್ಕವೂ ಅದಕ್ಕೆ ಹೊಂದಲ್ಲ.

ಇನ್ನು ಮಾಲ್ವಣ್, ಗೋವಾ ಕಡೆ ಹೋದಾಗ ಬಂಡೆ ಸಂದಿಯಿಂದ ಹಿಡ್ಕೊಂಡು ಬರ್ತೀವಿ, ಜೊತೆಗೆ ಹವಳ ಕಟ್ಟಿದ ಕಲ್ಲೂ ತರ್ತೀವಿ ಅನ್ನೋರು ದಯವಿಟ್ಟು ಬಿಟ್ಬಿಡಿ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿದೆ, ಅಂದ್ರೆ ಹುಲಿಗಿರೋ ರಕ್ಷಣೆಯೇ ಅದಕ್ಕೂ. ಒಣ ಕಲ್ಲಲ್ಲೇ ಟ್ಯಾಂಕ್ ಚೆನ್ನಾಗಿ ನಡೆಯತ್ತೆ. ಲಕ್ಷದ್ವೀಪದ ಅಗತ್ತಿಯಲ್ಲಿ ಐಸಿಎಆರ್‌ನ ಎನ್‌ಬಿಎಫ್‌ಜಿಆರ್ ಅನ್ನೋ ಸರ್ಕಾರಿ ಮೀನು ಸಂಶೋಧನಾ ಸಂಸ್ಥೆಯವರು ದ್ವೀಪದ ಹೆಂಗಸರಿಗೇ ಅಲಂಕಾರಿಕ ಸೀಗಡಿ ಸಾಕೋದನ್ನ ಕಲಿಸಿದ್ದಾರೆ, ಸಮುದ್ರದಿಂದ ಹಿಡಿಯೋದು ಕಮ್ಮಿ ಆಗ್ಲಿ ಅಂತಲೇ. ಅವರಿಗೆ ಆಗೋದು ನಮ್ಮ ಫ್ಲಾಟಲ್ಲೂ ಆಗತ್ತೆ.

2. ನೀರು

ಜುಹು ನೀರು, ಮರೀನ್ ಡ್ರೈವ್ ನೀರು ತುಂಬ್ಕೊಂಡು ಬರ್ಬೇಡಿ. ಚರಂಡಿ ನೀರು ಎಲ್ಲಾ ಅಲ್ಲಿಗೇ ಸೇರೋದು. ಗೋವಾದೋರು ನಮ್ಮಲ್ಲಿ ನೀರು ಶುಭ್ರ ಅಂತಾರೆ, ಇರಬಹುದು, ಆದ್ರೆ ಮಾಂಡವಿ ಜುವಾರಿ ನದಿ ಸಮುದ್ರ ಸೇರೋ ಕಡೆ ಮಳೆಗಾಲಕ್ಕೆ ಉಪ್ಪಿನಂಶ ಎಷ್ಟು ಇಳಿಯತ್ತೆ ಅಂತ ಅಳೆದು ನೋಡಿದ್ರೆ ಆಸೆ ಬಿಡ್ತೀರಿ. ಆರ್‌ಓ ನೀರಿಗೆ ರೀಫ್ ಸಾಲ್ಟ್, ಅಂದ್ರೆ ಸಮುದ್ರದ ಟ್ಯಾಂಕಿಗಂತಲೇ ಮಾರೋ ಉಪ್ಪು ಬೆರೆಸೋದೇ ದಾರಿ. ಲೀಟರಿಗೆ ಅಂದಾಜು 35ರಿಂದ 38 ಗ್ರಾಂ, ಕಂಪನಿ ಮೇಲೆ ಹೆಚ್ಚುಕಮ್ಮಿ ಆಗತ್ತೆ, ಪಂಪ್ ಹಾಕಿ ಒಂದು ದಿನ ತಿರುಗಿಸಿ ಆಮೇಲೆ ಬಳಸಿ. ಗುರಿ 35 ಪಿಪಿಟಿ, ಅಂದ್ರೆ ಸಾವಿರ ಗ್ರಾಂ ನೀರಲ್ಲಿ 35 ಗ್ರಾಂ ಉಪ್ಪು, ಸಾಂದ್ರತೆ ಲೆಕ್ಕದಲ್ಲಿ 1.025 ಅಥವಾ 1.026. ಇದನ್ನ ಅಳೆಯೋ ರಿಫ್ರಾಕ್ಟೋಮೀಟರನ್ನ ಬರೀ ಸಿಹಿನೀರಲ್ಲಿ ಸೊನ್ನೆಗೆ ಇಟ್ರೆ ಸಾಲ್ದು, 35 ಪಿಪಿಟಿ ದ್ರಾವಣ ಅಂತ ಬಾಟ್ಲಿ ಸಿಗತ್ತೆ, ಅದರಲ್ಲಿ ಸರಿ ಮಾಡ್ಕೊಳ್ಳಿ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು, ದಯವಿಟ್ಟು ಎರಡು ಸಲ ಓದಿ. ಅಡುಗೆಮನೆಯ ಆರ್‌ಓ ಮಶೀನ್ ಮೇಲೆ "ಕಾಪರ್" ಅಂತ ಬರೆದಿದ್ಯಾ ನೋಡಿ. ಈಗ ಬರೋ ಎಷ್ಟೋ ಮಾಡೆಲಲ್ಲಿ ತಾಮ್ರದ ಕಾರ್ಟ್ರಿಜ್ ಇರತ್ತೆ, ಮನುಷ್ಯರಿಗೆ ಒಳ್ಳೇದಂತೆ, ಸೀಗಡಿಗೆ ಮಾತ್ರ ವಿಷ. ಮೀನು ಅರಗಿಸ್ಕೊಳ್ಳೋ ಪ್ರಮಾಣದ ತಾಮ್ರವೂ ಸೀಗಡಿಯನ್ನ ಕೊಲ್ಲತ್ತೆ, ಮರಿಗಂತೂ ಅದಕ್ಕಿಂತ ಕಮ್ಮಿ ಸಾಕು. ಮೀನಿಗೆ ಬಿಳಿ ಚುಕ್ಕೆ ರೋಗ ಬಂತು ಅಂತ ಹಾಕೋ ಔಷಧಿಯಲ್ಲೂ ಬಹಳ ಸಲ ಇದೇ ಇರತ್ತೆ, ಒಮ್ಮೆ ತಾಮ್ರ ಹಾಕಿದ ಟ್ಯಾಂಕಿನ ಕಲ್ಲು ಮರಳು ಅದನ್ನ ಹಿಡ್ಕೊಂಡು ಆಮೇಲೆ ನಿಧಾನಕ್ಕೆ ಬಿಡ್ತವೆ. ಹಾಗಾಗಿ ಸೆಕೆಂಡ್‌ಹ್ಯಾಂಡ್ ಟ್ಯಾಂಕ್ ಕಲ್ಲಿನ ಸಮೇತ ತಗೊಳ್ಳೋವಾಗ ಹಳೇ ಮಾಲೀಕನ ಹತ್ರ ಏನೇನು ಔಷಧಿ ಹಾಕಿದ್ರಿ ಅಂತ ಕೇಳಿ. ಆರ್‌ಓದಲ್ಲಿ ಇನ್ನೊಂದು ಕಿತಾಪತಿ ಟಿಡಿಎಸ್ ಕಂಟ್ರೋಲರ್, ರುಚಿಗೆ ಅಂತ ಫಿಲ್ಟರ್ ಆಗದ ನೀರನ್ನೇ ಸ್ವಲ್ಪ ಬೆರೆಸತ್ತೆ. ಮೆಂಬ್ರೇನಿಂದ ನೇರವಾಗಿ ಬರೋ ನೀರಿಗೆ ಬೇರೆ ಪೈಪ್ ಹಾಕಿಸ್ಕೊಳ್ಳಿ, ಮಶೀನ್ ರಿಪೇರಿಯವನು ಹತ್ತು ನಿಮಿಷದಲ್ಲಿ ಮಾಡ್ಕೊಡ್ತಾನೆ. ಟಿಡಿಎಸ್ ಅಂದ್ರೆ ನೀರಲ್ಲಿ ಕರಗಿರೋದರ ಒಟ್ಟು ಲೆಕ್ಕ, ಅದು ಸೊನ್ನೆಗೆ ಎಷ್ಟು ಹತ್ರ ಇದ್ರೆ ಅಷ್ಟು ಒಳ್ಳೇದು.

ಬಿಸಿ 26ರಿಂದ 28 ಡಿಗ್ರಿ. ಮುಂಬೈನಲ್ಲಿ ಏಪ್ರಿಲ್-ಮೇ ದಾಟಿಸೋದೇ ಕಷ್ಟ. ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ರೆ ಆವಿಯಾಗ್ತಾ ತಣ್ಣಗಾಗತ್ತೆ ಅನ್ನೋದು ಪುಣೆಯ ಒಣ ಹವೆಗೆ ಚೆನ್ನಾಗಿ ನಡೆಯತ್ತೆ, ನಮ್ಮ ಸೆಖೆಗೆ ಅಷ್ಟಕ್ಕಷ್ಟೇ. ಚಿಲ್ಲರ್ ಇಲ್ದೋರು ಮೇ ತಿಂಗಳಲ್ಲಿ ಮರಿ ಮಾಡ್ಸೋ ಸಾಹಸಕ್ಕೇ ಹೋಗ್ಬೇಡಿ, ನವೆಂಬರಿಂದ ಫೆಬ್ರವರಿ ನಮ್ಮ ಕಾಲ. ಪುಣೆಯೋರಿಗೆ ಆಗ ರಾತ್ರಿ ಹೀಟರ್ ಬೇಕಾಗತ್ತೆ. ಫ್ಯಾನ್ ಬಿಟ್ಟೋರು ನೆನಪಿಡಿ, ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯತ್ತೆ, ಹಾಗಾಗಿ ಕಮ್ಮಿಯಾದಷ್ಟಕ್ಕೆ ಬರೀ ಆರ್‌ಓ ನೀರು ಹಾಕ್ಬೇಕು, ಉಪ್ಪುನೀರಲ್ಲ.

ಸೊಳ್ಳೆ ವಿಷಯ. ಗುಡ್‌ನೈಟ್, ಆಲ್‌ಔಟ್ ಥರದ ಲಿಕ್ವಿಡ್ ಮಶೀನು, ಸೊಳ್ಳೆ ಬತ್ತಿ, ಜಿರಲೆಗೆ ಹೊಡೆಯೋ ಸ್ಪ್ರೇ ಇವುಗಳಲ್ಲಿರೋ ಔಷಧಿ ಪೈರೆಥ್ರಾಯ್ಡ್ ಅನ್ನೋ ಜಾತಿದು, ಕೀಟ ಕೊಲ್ಲೋದಕ್ಕೇ ಮಾಡಿದ್ದು, ಸೀಗಡಿ ಕೀಟದ ಹತ್ರದ ನೆಂಟ. ಏರ್ ಪಂಪ್ ರೂಮಿನ ಗಾಳಿಯನ್ನೇ ಎಳೆದು ನೀರೊಳಗೆ ಬಿಡೋದರಿಂದ ಟ್ಯಾಂಕ್ ಮುಚ್ಚಿಟ್ರೂ ಪ್ರಯೋಜನ ಇಲ್ಲ. ಸೀಗಡಿ ಇರೋ ರೂಮಲ್ಲಿ ಇದ್ಯಾವುದೂ ಬೇಡ, ಸೊಳ್ಳೆ ಪರದೆ ಕಟ್ಕೊಳ್ಳಿ. ಮಳೆಗಾಲದಲ್ಲಿ ಬಿಎಂಸಿಯೋರು ಹೊಗೆ ಬಿಡೋಕೆ ಬಂದ್ರೆ ಕಿಟಕಿ ಮುಚ್ಚಿ, ಸೊಸೈಟಿಯಲ್ಲಿ ಪೆಸ್ಟ್ ಕಂಟ್ರೋಲ್ ದಿನ ಯಾವತ್ತು ಅಂತ ಸೆಕ್ರೆಟರಿ ಹತ್ರ ಮೊದಲೇ ಕೇಳಿಟ್ಕೊಳ್ಳಿ. "ಎಲ್ಲಾ ಸರಿ ಇತ್ತು, ಒಂದೇ ರಾತ್ರೀಲಿ ಎಲ್ಲಾ ಸತ್ತೋಯ್ತು" ಅನ್ನೋರ ಮನೇಲಿ ನಾನು ಮೊದಲು ನೋಡೋದು ಪ್ಲಗ್ ಪಾಯಿಂಟನ್ನ.

3. ಆರ್ಟೀಮಿಯಾ ಅಭ್ಯಾಸ

ಮರಿಯ ಊಟ ಇದು. ಆರ್ಟೀಮಿಯಾ ಅನ್ನೋದು ಉಪ್ಪು ಕೆರೆಗಳಲ್ಲಿ ಬೆಳೆಯೋ ಅತಿ ಸಣ್ಣ ಜೀವಿ, ಅದರ ಒಣ ಮೊಟ್ಟೆ ಡಬ್ಬಿಯಲ್ಲಿ ಸಿಗತ್ತೆ, ಉಪ್ಪುನೀರಿಗೆ ಹಾಕಿದ್ರೆ ಒಂದು ದಿನದೊಳಗೆ ಕಿತ್ತಳೆ ಬಣ್ಣದ ಪುಟಾಣಿ ಆರ್ಟೀಮಿಯಾ ಹೊರಗೆ ಬರ್ತವೆ. ಡಬ್ಬಿ ಒಡೆದ ಮೇಲೆ ಗಾಳಿಯಾಡದ ಪಾತ್ರೆಗೆ ಹಾಕಿ ಫ್ರಿಜ್ಜಲ್ಲಿಡಿ, ನಮ್ಮ ಮಳೆಗಾಲದ ತೇವಕ್ಕೆ ಹೊರಗಿಟ್ರೆ ಕೆಲವೇ ವಾರದಲ್ಲಿ ಅರ್ಧ ಮೊಟ್ಟೆ ಒಡೆಯೋದೇ ಇಲ್ಲ. ಬಿಡಿಯಾಗಿ ಚಿಕ್ಕ ಪೊಟ್ಟಣದಲ್ಲಿ ಮಾರೋದನ್ನ ತಗೊಳ್ಬೇಡಿ, ಎಷ್ಟು ಹಳೇದು ಅಂತ ದೇವರಿಗೇ ಗೊತ್ತು.

ವಿಧಾನ: ಎರಡು ಲೀಟರ್ ಕೂಲ್‌ಡ್ರಿಂಕ್ ಬಾಟ್ಲಿಯ ತಳ ಕತ್ತರಿಸಿ ತಲೆಕೆಳಗೆ ನಿಲ್ಲಿಸಿ. ಒಂದು ಲೀಟರ್ ನೀರು, 25ರಿಂದ 30 ಗ್ರಾಂ ಹರಳುಪ್ಪು (ಇದಕ್ಕೆ ದುಬಾರಿ ರೀಫ್ ಸಾಲ್ಟ್ ಬೇಡ), ಒಂದು ಚಿಟಿಕೆ ಅಡುಗೆ ಸೋಡಾ, ಒಂದರಿಂದ ಎರಡು ಗ್ರಾಂ ಮೊಟ್ಟೆ. ಏರ್ ಪಂಪಿನ ಪೈಪ್ ತಳದವರೆಗೆ ಇಳಿಸಿ ಗಾಳಿ ಜೋರಾಗಿ ಬಿಡಿ, ಮೊಟ್ಟೆ ಎಲ್ಲೂ ಕೂರಬಾರದು. ಮೇಲೊಂದು ಬಲ್ಬ್ ಉರೀತಿರ್ಲಿ. ಮುಂಬೈ ಬಿಸಿಗೆ 18ರಿಂದ 24 ಗಂಟೆಯಲ್ಲಿ ಒಡೆಯತ್ತೆ.

ಬೇರೆ ಮಾಡೋದು ಹೇಗೆ: ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಖಾಲಿ ಸಿಪ್ಪೆ ಮೇಲೆ ತೇಲತ್ತೆ, ಒಡೆಯದ ಮೊಟ್ಟೆ ತಳಕ್ಕೆ ಕೂರತ್ತೆ, ಆರ್ಟೀಮಿಯಾ ಬೆಳಕಿದ್ದ ಕಡೆ ಗುಂಪಾಗ್ತವೆ, ಅದಕ್ಕೆ ಕೆಳಭಾಗದಲ್ಲಿ ಪಕ್ಕದಿಂದ ಟಾರ್ಚ್ ಹಿಡೀರಿ. ಸಣ್ಣ ಪೈಪಲ್ಲಿ ಆ ಗುಂಪನ್ನ ಮಾತ್ರ ಎಳ್ಕೊಂಡು ಬಟ್ಟೇಲಿ ಸೋಸಿ, ಶುದ್ಧ ಉಪ್ಪುನೀರಲ್ಲಿ ತೊಳೆದು ಆಮೇಲೆ ಕೊಡಿ. ಸೋಸೋಕೆ ಸ್ಕ್ರೀನ್ ಪ್ರಿಂಟಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗೋ ಜಾಲರಿ ಬಟ್ಟೆ, 120 ಮೈಕ್ರಾನಿಂದು ಚೆನ್ನಾಗಿರತ್ತೆ, ಸಿಗದಿದ್ರೆ ಹಳೇ ಪಂಚೆ ತುಂಡು. ಮೊಟ್ಟೆ ಒಡೆದ ನೀರನ್ನ ಮಾತ್ರ ಮರಿ ಪಾತ್ರೆಗೆ ಸುರೀಬೇಡಿ, ಬ್ಯಾಕ್ಟೀರಿಯಾ, ಸಿಪ್ಪೆ, ಕೊಳೆ ಎಲ್ಲಾ ಅದರಲ್ಲೇ ಇರೋದು.

ಎರಡು ಬಾಟ್ಲಿ ಇಟ್ಕೊಂಡು ಒಂದನ್ನ ಬೆಳಿಗ್ಗೆ, ಇನ್ನೊಂದನ್ನ ಸಂಜೆ ಶುರು ಮಾಡಿದ್ರೆ ಯಾವಾಗ್ಲೂ ತಾಜಾ ಇರತ್ತೆ. ಯಾಕೆ ತಾಜಾ ಬೇಕು ಅಂದ್ರೆ ಆರ್ಟೀಮಿಯಾ ಹುಟ್ಟುವಾಗ ಹೊಟ್ಟೇಲಿ ಹಳದಿ ಕಟ್ಕೊಂಡು ಬಂದಿರತ್ತೆ, ಅದೇ ನಮ್ಮ ಮರಿಗೆ ಸಿಗೋ ಸತ್ವ, ಒಂದು ದಿನ ಕಳೆದ್ರೆ ಅದನ್ನ ಅದೇ ತಿಂದು ಮುಗಿಸಿರತ್ತೆ. ಹತ್ತು ದಿನ ಒಂದು ದಿನವೂ ತಪ್ಪದೆ ಬೆಳಿಗ್ಗೆ ಸಂಜೆ ಇದನ್ನ ಮಾಡಿ ನೋಡಿ, ಸೀಗಡಿ ಇಲ್ದೇನೇ, ಬಂದಿದ್ದನ್ನ ಟ್ಯಾಂಕಿನ ಮೀನಿಗೆ ಹಾಕಿ. ಲೋಕಲ್ ಹಿಡಿದು ಆಫೀಸಿಗೆ ಹೋಗಿ ಬರೋ ನಡುವೆ ಇದು ನಿಮ್ಮ ಕೈಲಿ ಆಗತ್ತಾ ಇಲ್ವಾ ಅಂತ ಗೊತ್ತಾಗತ್ತೆ. ಆಗಲ್ಲ ಅನ್ಸಿದ್ರೆ ನಷ್ಟ ಏನೂ ಇಲ್ಲ, ಒಂದು ಡಬ್ಬಿ ಮೊಟ್ಟೆ ಅಷ್ಟೇ.

4. ಮರಿ ಪಾತ್ರೆ

ಚೌಕ ಟ್ಯಾಂಕ್ ಬೇಡ, ಮರಿಗಳು ಮೂಲೆಗೆ ಸೇರಿ ಒಂದಕ್ಕೊಂದು ಸಿಕ್ಕಾಕ್ಕೊಳ್ತವೆ. ಕುಡಿಯೋ ನೀರಿನ 20 ಲೀಟರ್ ಕ್ಯಾನಿನ ತಳ ಕತ್ತರಿಸಿ ತಲೆಕೆಳಗೆ ನಿಲ್ಲಿಸಿದ್ರೆ ತಳ ದುಂಡಗೆ ಆಗತ್ತೆ, ನೀರು ಸುತ್ತತ್ತೆ. ನೀರಿನವನ ಕ್ಯಾನ್ ಕತ್ತರಿಸ್ಬೇಡಿ, ಡೆಪಾಸಿಟ್ ಹೋಗತ್ತೆ, ಗುಜರಿಯವನ ಹತ್ರ ಬಿರುಕು ಬಿಟ್ಟಿದ್ದು ಸಿಗತ್ತೆ, ನೀರು ಬಿಟ್ಟು ಬೇರೆ ಏನೂ ಅದರಲ್ಲಿ ತುಂಬಿರಬಾರದು ಅಷ್ಟೇ. ಪ್ಲಾಸ್ಟಿಕ್ ಸ್ಟೂಲಿನ ನಡುವೆ ತೂತು ಮಾಡಿ ಕೂರಿಸಿ. ಮುಚ್ಚಳ ಗಟ್ಟಿಯಾಗಿ ಸೀಲ್ ಮಾಡಿ ಒಂದು ರಾತ್ರಿ ನೀರು ತುಂಬಿಟ್ಟು ನೋಡಿ, ಕೆಳಗಿನ ಮನೆಯೋರ ಜೊತೆ ಜಗಳ ಬೇಡ.

ಒಳಗೆ ಮರಳು ಬೇಡ, ಕಲ್ಲು ಬೇಡ, ಮೋಟಾರ್ ಫಿಲ್ಟರ್ ಬೇಡವೇ ಬೇಡ. ಗಟ್ಟಿ ಪ್ಲಾಸ್ಟಿಕ್ ಕೊಳವೆ ತಳದವರೆಗೆ ಇಳಿಸಿ ಗಾಳಿ ಬಿಡಿ, ಏರ್ ಸ್ಟೋನ್ ಹಾಕ್ಬೇಡಿ. ಸ್ಟೋನಿಂದ ಬರೋ ಸಣ್ಣ ಗುಳ್ಳೆ ಮರಿಯ ಕಾಲಿಗೆ ಅಂಟಿ ಮೇಲಕ್ಕೆ ಹೊತ್ಕೊಂಡು ಹೋಗತ್ತೆ, ಅಲ್ಲೇ ಸಾಯ್ತವೆ. ಸೆಕೆಂಡಿಗೆ ಒಂದೆರಡು ದೊಡ್ಡ ಗುಳ್ಳೆ ಸಾಕು, ಮರಿ ನಿಧಾನಕ್ಕೆ ಸುತ್ತುತ್ತಾ ಇರ್ಬೇಕು, ಪಲ್ಟಿ ಹೊಡೀಬಾರದು. ಪಾತ್ರೆ ಸುತ್ತ ಕಪ್ಪು ಕಾಗದ ಸುತ್ತಿ ಮೇಲಿಂದ ಮಂದ ಬೆಳಕು ಬಿಡಿ. ಮರಿ ಬೆಳಕಿನ ಕಡೆ ಓಡತ್ತೆ, ಪಕ್ಕದಿಂದ ಬೆಳಕು ಬಿದ್ರೆ ದಿನವಿಡೀ ಗೋಡೆಗೆ ಡಿಕ್ಕಿ ಹೊಡೀತಾ ಇರತ್ತೆ.

ಕರೆಂಟ್. ಗಾಳಿ ನಿಂತ್ರೆ ಮರಿ, ಊಟ ಎಲ್ಲಾ ತಳಕ್ಕೆ ಕೂರತ್ತೆ, ಆಮೇಲೆ ಉಳಿಯೋದು ಕಷ್ಟ. ಯುಎಸ್‌ಬಿ ಏರ್ ಪಂಪ್ ಒಂದು, ಪವರ್ ಬ್ಯಾಂಕ್ ಒಂದು ಪಕ್ಕದಲ್ಲೇ ಇರ್ಲಿ. ಪುಣೆಯೋರಿಗೆ ಗುರುವಾರ ಮಹಾವಿತರಣದೋರು ರಿಪೇರಿಗೆ ಅಂತ ಕರೆಂಟ್ ತೆಗೆಯೋದರ ಬಗ್ಗೆ ನಾನು ಹೇಳ್ಬೇಕಾಗಿಲ್ಲ.

ಇನ್ನೊಂದು, ಅಮೋನಿಯಾ ಟೆಸ್ಟ್ ಕಿಟ್ ಇಲ್ದೇ ಶುರು ಮಾಡ್ಬೇಡಿ. ಅಮೋನಿಯಾ ಅಂದ್ರೆ ಮಲ, ಉಳಿದ ಊಟ ಕೊಳೆತು ನೀರಲ್ಲಿ ಸೇರೋ ವಿಷ, ಸಮುದ್ರದ ನೀರಿನ ಪಿಎಚ್ ಜಾಸ್ತಿ ಇರೋದರಿಂದ ಸಿಹಿನೀರಿಗಿಂತ ಇಲ್ಲಿ ಅದರ ಹೊಡೆತ ಹೆಚ್ಚು. ಲೈಟಿಗೆ ಹತ್ತಾರು ಸಾವಿರ ಸುರಿದು ಈ ಕಿಟ್‌ಗೆ ದುಡ್ಡಿಲ್ಲ ಅನ್ನೋದು ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಅಂದಂಗೆ.

5. ಈಗ ಸೀಗಡಿ ತನ್ನಿ

ಗಂಡು ಯಾವ್ದು ಹೆಣ್ಣು ಯಾವ್ದು ಅಂತ ಹುಡುಕೋ ತಲೆನೋವಿಲ್ಲ. ಪೆಪ್ಪರ್‌ಮಿಂಟ್ ಚಿಕ್ಕದಿದ್ದಾಗ ಗಂಡಾಗಿ ಇರತ್ತೆ, ದೊಡ್ಡದಾದ ಮೇಲೆ ಗಂಡೂ ಹೌದು ಹೆಣ್ಣೂ ಹೌದು. ಆದ್ರೆ ತನ್ನ ಮೊಟ್ಟೆಗೆ ತಾನೇ ಗಂಡಾಗೋಕಾಗಲ್ಲ, ಇನ್ನೊಂದು ಬೇಕೇ ಬೇಕು. ಒಂದೇ ಸೀಗಡಿ ಇಟ್ಕೊಂಡು "ಮೊಟ್ಟೆ ಬಂತು, ನಾಲ್ಕೇ ದಿನಕ್ಕೆ ಮಾಯ ಆಯ್ತು" ಅನ್ನೋರದ್ದು ಇದೇ ಕಥೆ, ಜೊತೆ ಇಲ್ದೇ ಇಟ್ಟ ಮೊಟ್ಟೆಯನ್ನ ಅದು ಉದುರಿಸಿಬಿಡತ್ತೆ. ಎರಡು ತನ್ನಿ, ಮೂರಾದ್ರೂ ಅಡ್ಡಿಯಿಲ್ಲ.

ಅಂಗಡಿ ನೀರಿಂದ ನಮ್ಮ ನೀರಿಗೆ ಬಿಡೋವಾಗ ಏರ್ ಪೈಪಿಗೆ ಗಂಟು ಹಾಕಿ ಹನಿ ಹನಿಯಾಗಿ ಒಂದು-ಎರಡು ಗಂಟೆ ಬೆರೆಸಿ. ಅಂಗಡಿಯೋರು ಉಪ್ಪು ಉಳಿಸೋಕೆ ಸಾಂದ್ರತೆ ಕಮ್ಮಿ ಇಟ್ಟಿರ್ತಾರೆ, ಒಮ್ಮೆಗೇ ಸುರಿದ್ರೆ ಸೀಗಡಿ ತಡ್ಕೊಳ್ಳಲ್ಲ. ರ‍್ಯಾಸ್, ಹಾಕ್‌ಫಿಶ್, ಟ್ರಿಗರ್ ಥರದ ಸೀಗಡಿ ತಿನ್ನೋ ಮೀನು ಇರೋ ಟ್ಯಾಂಕಿಗೆ ಬಿಡ್ಬೇಡಿ. ಊಟಕ್ಕೆ ಫ್ರೋಜನ್ ಮೈಸಿಸ್ (ಸೀಗಡಿ ಥರದ ಪುಟ್ಟ ಜೀವಿ), ಇಲ್ಲಾಂದ್ರೆ ಮಾರ್ಕೆಟಿನ ತಾಜಾ ತಿಸ್ರ್ಯಾ, ಊರಲ್ಲಿ ಮರುವಾಯಿ ಅಂತೀವಲ್ಲ ಅದೇ, ತೊಳೆದು ಸಣ್ಣಗೆ ಹೆಚ್ಚಿ ಹಸಿಯಾಗೇ ಕೊಡಿ. ತಾಯಿ ಚೆನ್ನಾಗಿ ತಿಂದ್ರೆ ಮರಿಗೂ ಶಕ್ತಿ ಇರತ್ತೆ. ಅಯೋಡಿನ್ ಬಾಟ್ಲಿ ಮಾರೋಕೆ ಬಂದ್ರೆ ಬೇಡ ಅನ್ನಿ, ವಾರಕ್ಕೊಮ್ಮೆ ನೀರು ಬದಲಾಯಿಸೋರಿಗೆ ಅದರ ಅಗತ್ಯ ನನಗಂತೂ ಕಂಡಿಲ್ಲ.

ಸೀಗಡಿ ರಾತ್ರಿ ಪೊರೆ ಬಿಡತ್ತೆ, ಬೆಳಿಗ್ಗೆ ಖಾಲಿ ಚಿಪ್ಪು ನೋಡಿ ಸತ್ತೋಯ್ತು ಅಂತ ಗಾಬರಿ ಬೀಳ್ಬೇಡಿ. ಪೊರೆ ಬಿಟ್ಟ ಕೆಲವು ಗಂಟೆಯೊಳಗೇ ಜೋಡಿಯಾಗಿ ಮೊಟ್ಟೆಯನ್ನ ಹೊಟ್ಟೆ ಕೆಳಗಿನ ಈಜುಗಾಲುಗಳ ನಡುವೆ ಅಂಟಿಸ್ಕೊಳ್ಳತ್ತೆ. ಮೊದಲು ಹಸಿರು, ದಿನ ಕಳೆದ ಹಾಗೆ ಬಣ್ಣ ತಿಳಿಯಾಗತ್ತೆ, ಕೊನೆಗೆ ಪ್ರತಿ ಮೊಟ್ಟೆಯಲ್ಲೂ ಬೆಳ್ಳಿ ಹೊಳಪಿನ ಕಣ್ಣು ಕಾಣತ್ತೆ. 27 ಡಿಗ್ರಿಯಲ್ಲಿ ಹತ್ತರಿಂದ ಹದಿನಾಲ್ಕು ದಿನ. ಮೊಟ್ಟೆ ಕಂಡ ದಿನವನ್ನ ಕ್ಯಾಲೆಂಡರಲ್ಲಿ ಗುರುತು ಹಾಕಿ, ಒಂಬತ್ತನೇ ದಿನದಿಂದ ಆರ್ಟೀಮಿಯಾ ತಯಾರಿ ಶುರು.

6. ಒಡೆಯೋ ರಾತ್ರಿ

ಮೊಟ್ಟೆ ಯಾವಾಗ್ಲೂ ಲೈಟ್ ಆರಿದ ಮೇಲೆ, ಸಾಮಾನ್ಯವಾಗಿ ಒಂದೆರಡು ಗಂಟೆಯೊಳಗೆ ಒಡೆಯತ್ತೆ. ಮರಿ ಹಿಡಿಯೋಕೆ ತಾಯಿಯನ್ನ ಬೇರೆ ಟ್ಯಾಂಕಿಗೆ ಎತ್ತಿ ಹಾಕ್ತಾರೆ ಕೆಲವರು, ಗಾಬರಿಗೆ ಅದು ಮೊಟ್ಟೆ ಉದುರಿಸೋದೂ ಉಂಟು, ನಾನು ಹೇಳಲ್ಲ. ಬೆಳ್ಳಿ ಕಣ್ಣು ಕಂಡ ದಿನದಿಂದ ಹೀಗೆ ಮಾಡಿ: ಲೈಟ್ ಎಷ್ಟೊತ್ತಿಗೆ ಆರತ್ತೆ ಅನ್ನೋದು ದಿನಾ ಒಂದೇ ಸಮಯ ಇರ್ಲಿ. ಆರಿದ ಮೇಲೆ ಪಂಪ್, ಫಿಲ್ಟರ್, ನೊರೆ ಎಬ್ಬಿಸಿ ಕೊಳೆ ತೆಗೆಯೋ ಸ್ಕಿಮ್ಮರ್ ಎಲ್ಲಾ ಬಂದ್ ಮಾಡಿ, ಇಲ್ಲಾಂದ್ರೆ ಮರಿ ಎಲ್ಲಾ ಅದರೊಳಗೆ. ಟ್ಯಾಂಕಿನ ಒಂದು ಮೂಲೆಗೆ ಹೊರಗಿಂದ ಟಾರ್ಚ್ ಒರಗಿಸಿಡಿ. ಒಡೆದಿದ್ರೆ ಸ್ವಲ್ಪ ಹೊತ್ತಲ್ಲೇ ಆ ಬೆಳಕಿಗೆ ಮರಿ ಗುಂಪು ಸೇರತ್ತೆ. ಗ್ಲಾಸಲ್ಲಿ ನೀರಿನ ಸಮೇತ ಮೊಗೆದು ಮರಿ ಪಾತ್ರೆಗೆ ಮುಳುಗಿಸಿ ಬಿಡಿ. ಬಲೆಯಲ್ಲಿ ಹಿಡೀಬೇಡಿ, ನೀರಿಂದ ಹೊರಗೆ ಬಂದ್ರೆ ಆ ಕಾಲುಗಳು ಮುರಿದೇ ಹೋಗ್ತವೆ. ಎರಡೂ ಕಡೆ ಉಪ್ಪು, ಬಿಸಿ ಒಂದೇ ಇರ್ಬೇಕು. ಕೆಲಸ ಆದ ಮೇಲೆ ಪಂಪ್ ವಾಪಸ್ ಹಾಕೋದು ಮರೀಬೇಡಿ, ನಿದ್ದೆಗಣ್ಣಲ್ಲಿ ಮರೆತು ಟ್ಯಾಂಕೇ ಕೆಡಿಸ್ಕೊಂಡೋರಿದ್ದಾರೆ.

ಆಸೆ ಬೀಳ್ಬೇಡಿ. ಒಂದು ಸಲಕ್ಕೆ ಕೆಲವು ನೂರು ಮರಿ ಬರತ್ತೆ, 15 ಲೀಟರ್ ನೀರಿಗೆ ನೂರು-ನೂರೈವತ್ತು ಸಾಕು. ಉಳಿದಿದ್ದು ಟ್ಯಾಂಕಿನ ಮೀನಿಗೆ ಹಬ್ಬ. ಎಲ್ಲಾ ಹಿಡಿದಿಟ್ರೆ ಎಲ್ಲಾ ಕಳ್ಕೊಳ್ತೀರಿ.

ತಾಯಿ ಒಂದೆರಡು ದಿನದಲ್ಲೇ ಮತ್ತೆ ಪೊರೆ ಬಿಟ್ಟು ಹೊಸ ಮೊಟ್ಟೆ ಹೊರತ್ತೆ. ಅಂದ್ರೆ ಈ ಸಲ ಹಾಳಾದ್ರೆ ಎರಡು ವಾರಕ್ಕೆ ಇನ್ನೊಂದು ಅವಕಾಶ, ಬೇಜಾರು ಮಾಡ್ಕೊಳ್ಳೋ ಹಾಗಿಲ್ಲ.

7. ಮೊದಲ ಹತ್ತು ದಿನ

ಮರುದಿನ ಬೆಳಿಗ್ಗೆಯಿಂದಲೇ ತಾಜಾ ಆರ್ಟೀಮಿಯಾ. ಒಂದು ಎಂಎಲ್ ನೀರಲ್ಲಿ ನಾಲ್ಕೈದು ಕಾಣೋ ಹಾಗೆ ಹಾಕಿ, ಸಿರಿಂಜಲ್ಲಿ ನೀರು ಎಳೆದು ಬೆಳಕಿಗೆ ಹಿಡಿದು ಎಣಿಸಿ. ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದ್ರೆ ತಿಂತಿದೆ ಅಂತ. ಜಾಸ್ತಿ ಹಾಕಿದ್ರೆ ಉಳಿದ ಆರ್ಟೀಮಿಯಾ ಅಲ್ಲೇ ಬೆಳೆದು ಗಾಳಿಗೂ ಜಾಗಕ್ಕೂ ಪೈಪೋಟಿಗೆ ನಿಲ್ಲತ್ತೆ, ಅಮೋನಿಯಾ ಏರತ್ತೆ.

ದಿನಾ ನಾಲ್ಕೈದು ಲೀಟರ್ ನೀರು ಬದಲಾಯಿಸಿ. ಏರ್ ಪೈಪಿನ ತುದಿಗೆ ಜಾಲರಿ ಬಟ್ಟೆ ಕಟ್ಟಿ ಎಳೀರಿ, ಮೊದಲು ತಳದ ಕಸ, ಆಮೇಲೆ ನೀರು, ಬಕೆಟಿಗೆ ಬಂದಿದ್ದನ್ನ ಚೆಲ್ಲೋ ಮುಂಚೆ ಟಾರ್ಚ್ ಹಾಕಿ ನೋಡಿ, ಒಂದೆರಡು ಮರಿ ಬಂದೇ ಇರತ್ತೆ. ಹೊಸ ನೀರನ್ನ ಪೈಪಲ್ಲಿ ನಿಧಾನಕ್ಕೆ ಇಳಿಸಿ. ತಿಂಗಳಿಗೆ 120ರಿಂದ 150 ಲೀಟರ್ ಆಗತ್ತೆ, ಅಂದ್ರೆ ಉಪ್ಪು ನಾಲ್ಕೂವರೆಯಿಂದ ಐದೂವರೆ ಕೇಜಿ, ಮೊದಲೇ ತಂದಿಟ್ಕೊಳ್ಳಿ, ಚೀಲದ ಬಾಯಿ ಬಿಗಿಯಾಗಿ ಕಟ್ಟಿ.

ಹುಟ್ಟಿ ಹನ್ನೆರಡು ಗಂಟೆ ದಾಟಿದ ಆರ್ಟೀಮಿಯಾಕ್ಕೆ ಬಾಯಿ ತೆರೆದಿರತ್ತೆ, ಅದಕ್ಕೆ ಮೊದಲು ಊಟ ಹಾಕಿ ಆಮೇಲೆ ಮರಿಗೆ ಕೊಟ್ರೆ ಎರಡರಷ್ಟು ಲಾಭ. ಇದಕ್ಕೆ ಎನ್‌ರಿಚ್‌ಮೆಂಟ್ ಅಂತಾರೆ. ಇದಕ್ಕಂತಲೇ ಮಾರೋ ಎಣ್ಣೆ ದ್ರಾವಣ ಅಥವಾ ಹಸಿರು ಫೈಟೋಪ್ಲಾಂಕ್ಟನ್ (ಸೂಕ್ಷ್ಮ ಪಾಚಿ) ಬಳಸಿ. ಸ್ಪಿರುಲಿನಾ ಪುಡಿ ಅಗ್ಗ ಅಂತ ಅದೊಂದನ್ನೇ ಹಾಕೋರಿದ್ದಾರೆ, ಆದ್ರೆ ಮರಿಗೆ ಬೇಕಾದ ಡಿಎಚ್‌ಎ ಅನ್ನೋ ಕೊಬ್ಬು ಅದರಲ್ಲಿಲ್ಲ, ಹೊಟ್ಟೆ ತುಂಬತ್ತೆ ಅಷ್ಟೇ.

ಪಾತ್ರೆ ಗೋಡೆ ಮೇಲೆ ಬಿಳಿ ನೂಲಿನ ತುಂಡು, ತುದಿಯಲ್ಲಿ ಸಣ್ಣ ಕೈಗಳು ಕಂಡ್ರೆ ಅದು ಹೈಡ್ರಾಯ್ಡ್. ಮರಿಯನ್ನ, ಆರ್ಟೀಮಿಯಾವನ್ನ ಕುಟುಕಿ ತಿಂದ್ಹಾಕತ್ತೆ. ಕೆರೆದು ತೆಗೀತೀನಿ ಅಂದ್ರೆ ತುಂಡಿಂದ ಮತ್ತೆ ಹುಟ್ಟತ್ತೆ. ಇನ್ನೊಂದು ಶುಭ್ರ ಪಾತ್ರೆಗೆ ಮರಿಗಳನ್ನ ಒಂದೊಂದಾಗಿ ಗ್ಲಾಸಲ್ಲಿ ಮೊಗೆದು ಹಾಕಿ, ಹಳೇದನ್ನ ಬ್ಲೀಚಿಂಗ್ ದ್ರಾವಣದಲ್ಲಿ ನೆನೆಸಿ, ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ. ಮುಖ್ಯ ಟ್ಯಾಂಕಿನ ಪೈಪು, ಬಲೆ, ಗ್ಲಾಸು ಮರಿ ಪಾತ್ರೆಗೆ ಮುಟ್ಟಿಸದೇ ಇದ್ರೆ ಇದು ಬರೋದು ಕಮ್ಮಿ.

8. ಹತ್ತನೇ ದಿನದಿಂದ ಕೂರೋವರೆಗೆ

ಈಗ ಮರಿಗೆ ಮೈಗಿಂತ ಉದ್ದದ ಎರಡು ಕಾಲು ಬೆಳೆಯತ್ತೆ, ತುದಿ ದೋಣಿಯ ಹುಟ್ಟಿನ ಹಾಗೆ ಅಗಲ. ನೋಡೋಕೆ ಚೆಂದ, ಆದ್ರೆ ಸಿಕ್ಕಾಕ್ಕೊಂಡು ಮುರಿಯೋದೂ ಇವೇ. ಗಾಳಿ ಜೋರಾಗಿದ್ರೆ ಈಗ ಕಮ್ಮಿ ಮಾಡಿ. ಊಟಕ್ಕೆ ಆರ್ಟೀಮಿಯಾ ಜೊತೆ ಫ್ರೋಜನ್ ಸೈಕ್ಲಾಪ್ಸ್ (ನೀರಲ್ಲಿರೋ ಅತಿ ಸಣ್ಣ ಜೀವಿ) ಅಥವಾ ಬೊಂಡಾಸ್ (ಸ್ಕ್ವಿಡ್) ಮಾಂಸ ನುಣ್ಣಗೆ ರುಬ್ಬಿ, ಜಾಲರಿಯಲ್ಲಿ ಸೋಸಿ ತೊಳೆದು ಚೂರು ಚೂರೇ ಕೊಡಿ. ಇದು ನೀರು ಬೇಗ ಕೆಡಿಸತ್ತೆ, ಕೊಟ್ಟ ಎರಡು ಗಂಟೆಗೆ ತಳದ ಕಸ ಎಳೀಲೇಬೇಕು.

ಈ ಹಂತದಲ್ಲಿ ಬಹಳ ಜನರಿಗೆ ಆಗೋದು ಏನಂದ್ರೆ ಮರಿ ಸಾಯಲ್ಲ, ಬೆಳೆಯೋದೂ ಇಲ್ಲ. ಪೊರೆ ಬಿಡತ್ತೆ, ಮತ್ತೆ ಅದೇ ರೂಪ. ಊಟದಲ್ಲಿ ಸತ್ವ ಸಾಲದೇ ಇದ್ರೆ ಹೀಗೇ ನಿಂತ್ಬಿಡತ್ತೆ. ಎನ್‌ರಿಚ್‌ಮೆಂಟ್ ಬಿಟ್ಟಿದ್ರೆ ಶುರು ಮಾಡಿ, ನೀರಿನ ಬಿಸಿ 27ಕ್ಕಿಂತ ಕೆಳಗೆ ಇಳಿದಿದೆಯಾ ನೋಡಿ. ಪೊರೆ ಅರ್ಧ ಬಿಟ್ಟು ಸಿಕ್ಕಿಕೊಂಡು ಸಾಯ್ತಿದ್ರೂ ಕಾರಣ ಬಹುತೇಕ ಈ ಸತ್ವದ ಕೊರತೆಯೇ.

ಮರಿ ಇಲ್ಲಿವರೆಗೆ ಹಿಮ್ಮುಖವಾಗಿ, ಬೆನ್ನು ಕೆಳಗೆ ಮಾಡಿ ಈಜ್ತಾ ಇರತ್ತೆ. ಒಂದು ದಿನ ಯಾವುದೋ ಒಂದು ನೆಟ್ಟಗೆ ಮುಂದಕ್ಕೆ ಈಜಿ ಗೋಡೆ ಹಿಡ್ಕೊಳ್ಳತ್ತೆ, ಮೈಮೇಲೆ ಕೆಂಪು ಗೆರೆ ಮೂಡಿರತ್ತೆ. ಅದು ಕೂತ್ಕೊಳ್ತು ಅಂತ. ಎಲ್ಲಾ ಒಂದೇ ದಿನ ಕೂರಲ್ಲ, ಮೊದಲನೇದಕ್ಕೂ ಕೊನೇದಕ್ಕೂ ವಾರಗಳ ಅಂತರ ಇರತ್ತೆ. ಹಿಡ್ಕೊಳ್ಳೋಕೆ ಪ್ಲಾಸ್ಟಿಕ್ ಜಾಲರಿ ಪಟ್ಟಿ ಒಂದು ಇಳಿಬಿಡಿ.

9. ಕೂತ ಮೇಲೆ

ಕೂತಿದ್ದನ್ನ ಅದೇ ದಿನ ಬೇರೆ ಮಾಡಿ, ಇಲ್ಲಾಂದ್ರೆ ತೇಲ್ತಿರೋ ತಮ್ಮಂದಿರನ್ನೇ ಹಿಡಿದು ತಿನ್ನತ್ತೆ. ಹತ್ತು-ಹದಿನೈದು ಲೀಟರಿನ ಸಣ್ಣ ಟ್ಯಾಂಕು, ಮುಖ್ಯ ಟ್ಯಾಂಕಲ್ಲಿ ಮೊದಲೇ ಹಾಕಿಟ್ಟಿದ್ದ ಸ್ಪಂಜ್ ಫಿಲ್ಟರ್, ಬಚ್ಚಿಟ್ಕೊಳ್ಳೋಕೆ ಜಾಲರಿ ಮುದ್ದೆ, ಪಿವಿಸಿ ಪೈಪ್ ತುಂಡು. ಇವೂ ಪೊರೆ ಬಿಟ್ಟ ಮೆತ್ತಗಿನವನ್ನ ತಿಂತವೆ, ಬಚ್ಚಿಡೋ ಜಾಗ ಎಷ್ಟಿದ್ರೂ ಕಮ್ಮಿಯೇ. ಊಟ ಈಗ ಸುಲಭ, ಪುಡಿ ಮಾಡಿದ ಪೆಲೆಟ್, ಫ್ರೋಜನ್ ಮೈಸಿಸ್ ಚೂರು ಏನು ಹಾಕಿದ್ರೂ ನಡೆಯತ್ತೆ.

ಮೊದಲ ಸಲ ನೂರರಲ್ಲಿ ಐದು ಉಳಿದ್ರೂ ಖುಷಿಪಡಿ. ಎರಡು ಸೆಂಟಿಮೀಟರ್ ಆದ ಮೇಲೆ ಸ್ನೇಹಿತರಿಗೆ ಕೊಡಬಹುದು, ಅಂಗಡಿಯೋರೂ ತಗೊಳ್ತಾರೆ, ರೇಟ್ ಮಾತ್ರ ಅವರು ಹೇಳಿದ್ದೇ. ಒಂದು ಕವರಿಗೆ ಒಂದೇ ಹಾಕಿ, ಹಿಡ್ಕೊಳ್ಳೋಕೆ ಜಾಲರಿ ತುಂಡು ಇರ್ಲಿ, ಮಧ್ಯಾಹ್ನದ ಲೋಕಲ್ಲಲ್ಲಿ ಒಯ್ಯೋದಾದ್ರೆ ಥರ್ಮೋಕೋಲ್ ಡಬ್ಬಿ. ಜಾಸ್ತಿ ಆಯ್ತು ಅಂತ ಸಮುದ್ರಕ್ಕೆ ಮಾತ್ರ ಬಿಡ್ಬೇಡಿ, ಅಂಗಡಿಗೆ ಬರೋ ಪೆಪ್ಪರ್‌ಮಿಂಟ್ ಬಹಳಷ್ಟು ಬೇರೆ ಸಮುದ್ರದ್ದು. ತಗೊಳ್ಳೋರು ಯಾರೂ ಸಿಗದಿದ್ರೆ ಮುಂದಿನ ಮೊಟ್ಟೆ ಒಡೆಯೋ ರಾತ್ರಿ ಟಾರ್ಚ್ ಹಿಡೀಬೇಡಿ, ಅಷ್ಟೇ.